ಒಂದು ಹುಳದ ಮನಸ್ಸು, ನಾಲ್ಕು ಹೆಸರು

ಮೆದುಳಿನ ನಕ್ಷೆ ಅಂದ ಕೂಡಲೇ ಈಗ ನೆನಪಾಗುವುದು ಬಣ್ಣಬಣ್ಣದ ಕಂಪ್ಯೂಟರ್ ಚಿತ್ರಗಳು. 2024ರ ಅಕ್ಟೋಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ, ಸೆಬಾಸ್ಟಿಯನ್ ಸಂಗ್ ಮತ್ತು ಅವರ ಜೊತೆಗಾರರು ಹಣ್ಣುನೊಣದ ಇಡೀ ಮೆದುಳಿನ ನಕ್ಷೆ ಪ್ರಕಟಿಸಿದಾಗ ಎಲ್ಲೆಡೆ ಹರಿದಾಡಿದ್ದೂ ಅಂಥವೇ. 1,39,255 ನರಕೋಶಗಳು! ಆದರೆ ಇದಕ್ಕೆಲ್ಲ ಅಡಿಪಾಯ ಬಿದ್ದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಪೆನ್ನು ಹಿಡಿದು ಫೋಟೋಗಳ ಮೇಲೆ ಗುರುತು ಹಾಕುತ್ತಾ ಕೂತವರಿಂದ.

ಅಲ್ಲಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಒಂದು ಪುಟ್ಟ ಘಟಕವಾಗಿ ಹುಟ್ಟಿ, 1962ರಲ್ಲಿ ಸ್ವಂತ ಕಟ್ಟಡಕ್ಕೆ ಹೋದದ್ದು ಅಣು ಜೀವವಿಜ್ಞಾನ ಪ್ರಯೋಗಾಲಯ. ಸಿಡ್ನಿ ಬ್ರೆನ್ನರ್ ಅಲ್ಲಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಚಪ್ಪಲಿ ರಿಪೇರಿ ಮಾಡುತ್ತಿದ್ದವರ ಮಗ, ಮಹಾ ಮಾತುಗಾರ. 1963ರಲ್ಲಿ ಮುಖ್ಯಸ್ಥ ಮ್ಯಾಕ್ಸ್ ಪೆರುಟ್ಜ್‌ಗೆ ಒಂದು ಪತ್ರ ಬರೆದರು. ಅಣು ಜೀವವಿಜ್ಞಾನದ ಹಳೆಯ ಪ್ರಶ್ನೆಗಳು ಇನ್ನೇನು ಬಗೆಹರಿಯುತ್ತವೆ, ಮುಂದಿನದು ಬೆಳವಣಿಗೆ ಮತ್ತು ನರಮಂಡಲ, ಅದಕ್ಕೊಂದು ಸಣ್ಣ ಪ್ರಾಣಿ ಬೇಕು ಅಂತ. ಕೊನೆಗೆ ಸಿಕ್ಕಿದ್ದು ಸಿ. ಎಲೆಗನ್ಸ್ ಎಂಬ ದುಂಡುಹುಳ. ಉದ್ದ 1 ಮಿಲಿಮೀಟರ್, ಮೈ ಪಾರದರ್ಶಕ, ಬ್ಯಾಕ್ಟೀರಿಯಾ ತಿಂದುಕೊಂಡು ಮೂರು ಚಿಲ್ಲರೆ ದಿನಕ್ಕೆ ಮುಂದಿನ ಪೀಳಿಗೆ ತಯಾರು.

ಈಗ ಲೆಕ್ಕ ನೋಡಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹುಳವನ್ನು ಸುಮಾರು 50 ನ್ಯಾನೋಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಬೇಕು. ಅಂದರೆ ಇಡೀ ಹುಳಕ್ಕೆ 20,000 ಬಿಲ್ಲೆ. ನಡುವೆ ಒಂದಷ್ಟು ಹಾಳಾದರೆ ನರದ ಎಳೆ ಎಲ್ಲಿಗೆ ಹೋಯಿತೋ ತಿಳಿಯುವುದಿಲ್ಲ. ಈ ಕೆಲಸದಲ್ಲಿ ಪಳಗಿದ ಕೈ ನಿಕಲ್ ಥಾಮ್ಸನ್ ಅವರದು. ಒಂದೇ ಹುಳವನ್ನು ತಲೆಯಿಂದ ಬಾಲದವರೆಗೆ ಕತ್ತರಿಸಿದ್ದಲ್ಲ, ಹಲವು ಹುಳಗಳ ಭಾಗಗಳನ್ನು ಜೋಡಿಸಿಕೊಂಡರು.

ಎಳೆ ಹಿಂಬಾಲಿಸಲು ಮಾಡ್ಯುಲರ್ ಒನ್ ಎಂಬ ಕಂಪ್ಯೂಟರ್ ತರಿಸಿದ್ದರು. ಕಂಪ್ಯೂಟರ್ ಕೆಲಸಕ್ಕೆಂದೇ ಬಂದವರು ಜಾನ್ ವೈಟ್. ಆದರೆ ಆ ಕಾಲದ ಯಂತ್ರಕ್ಕೆ ಅದು ಆಗುವ ಹೋಗುವ ಮಾತಲ್ಲ. ಬಹುಪಾಲು ಕೆಲಸ ಕೈಯಲ್ಲೇ ಆಯಿತು. ಅದರಲ್ಲಿ ವೈಟ್ ಜೊತೆ ವರ್ಷಗಟ್ಟಲೆ ಕೂತವರು ಐಲೀನ್ ಸೌತ್‌ಗೇಟ್. ಪೆರುಟ್ಜ್ ತಂಡದ ಹಿಮೋಗ್ಲೋಬಿನ್ ಕೆಲಸಕ್ಕೆ ಟೆಕ್ನಿಷಿಯನ್ ಆಗಿ ಸೇರಿದ್ದ ಹೆಣ್ಣುಮಗಳು. ಒಂದು ಫೋಟೋದಲ್ಲಿ ಒಂದು ಚುಕ್ಕೆಗೆ ನಂಬರು ಹಾಕುವುದು, ಮುಂದಿನ ಫೋಟೋದಲ್ಲಿ ಅದೇ ಚುಕ್ಕೆ ಹುಡುಕುವುದು, ಅದರ ಮುಂದಿನದರಲ್ಲಿ ಮತ್ತೆ... ನನಗಂತೂ ಅರ್ಧ ದಿನಕ್ಕೇ ತಲೆ ತಿರುಗುತ್ತಿತ್ತು.

ಕೊನೆಗೂ 1986ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 340 ಪುಟಗಳ ಪ್ರಬಂಧ ಬಂತು. 302 ನರಕೋಶ, 118 ಬಗೆ, ಸುಮಾರು 5,000 ರಾಸಾಯನಿಕ ಸಂಪರ್ಕ. ಪುಟಗಳ ಮೇಲ್ತುದಿಯ ಚಿಕ್ಕ ಶೀರ್ಷಿಕೆ 'ಒಂದು ಹುಳದ ಮನಸ್ಸು' ಎಂಬರ್ಥದ್ದು! ಲೇಖಕರ ಹೆಸರು ಬಂದ ಕ್ರಮ ನೋಡಿ: ವೈಟ್, ಸೌತ್‌ಗೇಟ್, ಥಾಮ್ಸನ್, ಬ್ರೆನ್ನರ್. ಯಜಮಾನರು ಕೊನೆಗೆ, ಟೆಕ್ನಿಷಿಯನ್ ಎರಡನೆಯವರು. ಇಂಥ ಕಡೆ ಕೊನೆಯ ಹೆಸರೂ ಗೌರವದ್ದೇ ಅನ್ನಿ. ಆದರೂ ಸಹಾಯಕರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಮುಗಿದುಹೋಗುವುದೇ ಹೆಚ್ಚಿದ್ದ ಲೋಕದಲ್ಲಿ ಇದು ಸಣ್ಣ ಸಂಗತಿ ಅಲ್ಲ.

ನಕ್ಷೆ ಬಂದ ಮಾತ್ರಕ್ಕೆ ಮನಸ್ಸು ಅರ್ಥವಾಯಿತೇ? ಇಲ್ಲ ಕಣ್ರೀ. ಎರಡು ಕೋಶ ಸೇರುತ್ತವೆ ಎಂದು ಅದು ಹೇಳುತ್ತದೆ, ಒಂದು ಇನ್ನೊಂದನ್ನು ಎಬ್ಬಿಸುತ್ತದೋ ಸುಮ್ಮನಾಗಿಸುತ್ತದೋ ಹೇಳುವುದಿಲ್ಲ. ಆದರೆ ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಮಾರ್ಟಿನ್ ಚಾಲ್ಫಿ ಮತ್ತು ಇದೇ ತಂಡದವರು ಲೇಸರ್‌ನಿಂದ ಒಂದೊಂದೇ ಕೋಶ ಸುಟ್ಟು, ತಲೆ ಮುಟ್ಟಿದರೆ ಹುಳ ಹಿಂದಕ್ಕೆ, ಬಾಲ ಮುಟ್ಟಿದರೆ ಮುಂದಕ್ಕೆ ಸರಿಯುವ ದಾರಿಗಳನ್ನು ಪತ್ತೆ ಮಾಡಿ 1985ರಲ್ಲೇ ಬರೆದಿದ್ದರು.

2002ರಲ್ಲಿ ಬ್ರೆನ್ನರ್, ಜಾನ್ ಸಲ್ಸ್‌ಟನ್, ರಾಬರ್ಟ್ ಹಾರ್ವಿಟ್ಜ್ ಅವರಿಗೆ ನೊಬೆಲ್ ಬಂತು. ಅದು ಅಂಗಗಳ ಬೆಳವಣಿಗೆ ಮತ್ತು ಕೋಶಗಳ ಸಾವಿನ ಕೆಲಸಕ್ಕೆ, ನರಗಳ ನಕ್ಷೆಗಲ್ಲ. ವೈಟ್, ಸೌತ್‌ಗೇಟ್, ಥಾಮ್ಸನ್ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅವರ ಪ್ರಬಂಧದಲ್ಲಿ ಎವಿಎ, ಎವಿಬಿ, ಪಿವಿಸಿ ಅಂತ ಒಂದೊಂದು ನರಕೋಶಕ್ಕೂ ಅಕ್ಷರಗಳ ಹೆಸರಿದೆಯಲ್ಲ, ಈ ಹುಳದ ಮೇಲೆ ಕೆಲಸ ಮಾಡುವವರು ಇವತ್ತಿಗೂ ಕರೆಯುವುದು ಆ ಹೆಸರುಗಳಿಂದಲೇ.