‘ಲಜಿ’ ಎಂಬ ಬಾಲದ ಚರಿತ್ರೆ

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರುವ ಮಕ್ಕಳಿಗೆ ಬಯಾಲಜಿ, ಇಕಾಲಜಿ, ಮಾರ್ಫಾಲಜಿ ಮುಂತಾದ ಪದಗಳ ಸಾಲೇ ಮೊದಲು ಎದುರಾಗುತ್ತದೆ. ವಿಷಯ ಗೊತ್ತಿದ್ದೂ ಬರೀ ಹೆಸರುಗಳಿಗೆ ಹೆದರಿ ವಿಜ್ಞಾನವನ್ನೇ ಬಿಟ್ಟ ಜಾಣ ಮಕ್ಕಳನ್ನು ವಿಜ್ಞಾನ ಶಿಕ್ಷಕನಾಗಿ ನಾನು ಕಂಡಿದ್ದೇನೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಆ ಪದಗಳ ಬಾಲದ ಚರಿತ್ರೆಯನ್ನೇ ಆರಿಸಿಕೊಂಡದ್ದು ಅದಕ್ಕಾಗಿ.

‘ಲಜಿ’ಯ ಮೂಲ ಗ್ರೀಕ್ ಭಾಷೆಯ ‘ಲೋಗೋಸ್’. ಮಾತು, ವಿವರಣೆ, ಲೆಕ್ಕ, ವಿವೇಕ ಇವೆಲ್ಲ ಅದರ ಅರ್ಥಗಳು. ಅದರಿಂದ ‘ಲೋಗಿಯಾ’ ಎಂಬ ರೂಪ ಹುಟ್ಟಿ, ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ‘ಲಜಿ ಎಂದರೆ ಶಾಸ್ತ್ರ’ ಎಂದು ನಾವು ಕಲಿಸುತ್ತೇವೆ. ಅದು ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಟ್ರಿಲಜಿ ಶಾಸ್ತ್ರವಲ್ಲ, ಒಂದಕ್ಕೊಂದು ಹೊಂದಿಕೊಂಡ ಮೂರು ಕೃತಿಗಳ ಗುಚ್ಛ. ನಾವು ಕ್ಷಮೆ ಕೇಳಲು ಬಳಸುವ ಅಪಾಲಜಿ ಗ್ರೀಕರಲ್ಲಿ ನ್ಯಾಯಾಲಯದಲ್ಲಿ ತನ್ನ ಪರವಾಗಿ ಆಡುವ ಮಾತಾಗಿತ್ತು. ಕ್ರಿ.ಪೂ. 399ರಲ್ಲಿ ಅಥೆನ್ಸ್‌ನಲ್ಲಿ ಸಾಕ್ರೆಟಿಸನ ವಿಚಾರಣೆ ನಡೆಯಿತು. ಪ್ಲೇಟೋ ಬರೆದ ‘ಅಪಾಲಜಿ’ಯಲ್ಲಿ ಸಾಕ್ರೆಟಿಸ್ ಕ್ಷಮೆ ಕೇಳುವುದಿಲ್ಲ; ತಾನು ಬಾಳಿದ ರೀತಿಗೆ ಕಾರಣ ಕೊಡುತ್ತಾನೆ.

ಬಾಲ ಹಳೆಯದಾದರೂ ಅದನ್ನು ಹೊತ್ತ ಪದಗಳೆಲ್ಲ ಹಳೆಯವಲ್ಲ. ಪ್ರಾಣಿಗಳ ಬಗ್ಗೆ ಅಷ್ಟೊಂದು ಬರೆದ ಅರಿಸ್ಟಾಟಲನಿಗೆ ‘ಬಯಾಲಜಿ’ ಎಂಬ ಹೆಸರೇ ಗೊತ್ತಿರಲಿಲ್ಲ. 1802ರಲ್ಲಿ ಫ್ರಾನ್ಸಿನ ಲಮಾರ್ಕ್ ಮತ್ತು ಜರ್ಮನಿಯ ಟ್ರೆವಿರಾನುಸ್ ತಮ್ಮ ತಮ್ಮ ಗ್ರಂಥಗಳಲ್ಲಿ ಅದನ್ನು ಇಂದಿನ ಅರ್ಥದಲ್ಲಿ ಬಳಸಿದರು. ‘ಬಯೋಸ್’ ಎಂದರೆ ಬದುಕು. 1866ರಲ್ಲಿ ಜರ್ಮನಿಯ ಹೆಕೆಲ್ ‘ಇಕಾಲಜಿ’ಯನ್ನು ರೂಪಿಸಿದ. ಅದರ ಮೊದಲ ಭಾಗ ‘ಓಯ್ಕೋಸ್’, ಅಂದರೆ ಮನೆ. ಜೀವಿಗಳು ತಮ್ಮ ವಾಸದ ನೆಲೆಯೊಡನೆ ಹೇಗೆ ಬಾಳುತ್ತವೆ ಎಂಬ ವಿವರಣೆಯೇ ಇಕಾಲಜಿ. ಕೆರೆಯ ನೀರು, ಪಾಚಿ, ಮೀನು, ಕೊಕ್ಕರೆಗಳ ನಂಟನ್ನು ಬಿಡಿಸಿ ಹೇಳಬಲ್ಲ ನಮ್ಮೂರ ಹುಡುಗಿ ಆಗಲೇ ಆ ಪದದೊಳಗೆ ಕಾಲಿಟ್ಟಿದ್ದಾಳೆ.

ನಮ್ಮ ‘ಶಾಸ್ತ್ರ’ದ ಧಾತು ‘ಶಾಸ್’. ಬೋಧಿಸು, ಆಜ್ಞಾಪಿಸು ಎಂದು ಅದರ ಅರ್ಥ. ಅಲ್ಲಿ ಹೇಳುವವರು ಗುರುಗಳು. ‘ಲೋಗೋಸ್’ನಲ್ಲಿ ಕಾರಣ ಸಮೇತ ಹೇಳಬಲ್ಲ ಯಾರಿಗಾದರೂ ಮಾತಾಡುವ ಹಕ್ಕಿದೆ. ತರಗತಿಗೆ ಎರಡೂ ಬೇಕು. ಆದರೆ ನಮ್ಮ ಮಕ್ಕಳಿಗೆ ಎರಡನೆಯದು ಸಿಕ್ಕಿದ್ದು ಕಡಿಮೆ.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಇಂಥ ಉದ್ದ ಪದ ಬಂದಾಗ ಬಾಯಿಪಾಠ ಮಾಡಿಸುವ ಮೊದಲು ಅದನ್ನು ಕಪ್ಪುಹಲಗೆಯ ಮೇಲೆ ಎರಡಾಗಿ ಒಡೆದು ತೋರಿಸಿ. ಆಮೇಲೆ ಮಗುವಿಗೆ, ‘ಇದರ ಬಗ್ಗೆ ನಿನಗೇನು ಗೊತ್ತು, ಕನ್ನಡದಲ್ಲೇ ಹೇಳು’ ಎನ್ನಿ. ಹೇಳಲು ಬಂದ ಮಗುವಿಗೆ ಇಂಗ್ಲಿಷ್ ಹೆಸರು ಹೊರೆಯಾಗಲಾರದು.