ಹನ್ನೊಂದು ತಿಂಗಳ ಕರಾರಿನ ಹಿಂದಿನ ನೂರು ವರ್ಷ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆ ಮನೆಯ ಮಾತನ್ನು ಎತ್ತಲಿಲ್ಲ. ಅವರ ಕಾಲದ ಊರುಗಳಲ್ಲಿ ಅದರ ಅಗತ್ಯ ಅಷ್ಟಾಗಿ ಬಿದ್ದಿರಲಾರದು. ಆದರೆ ಇಂದು ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಬಾಡಿಗೆಗಿರುವ ಸಂಸಾರಕ್ಕೆ ವರ್ಷದಲ್ಲಿ ಒಂದು ತಿಂಗಳು ಆತಂಕದ್ದು. ಅದು ಕರಾರು ಪತ್ರ ನವೀಕರಣಗೊಳ್ಳುವ ತಿಂಗಳು. ಈ ಸಲ ಎಷ್ಟು ಏರಿಸುತ್ತಾರೆ? ಶೇಕಡ ಐದೋ, ಹತ್ತೋ, ಅದಕ್ಕಿಂತ ಹೆಚ್ಚೋ? ಮಕ್ಕಳ ಶಾಲೆ, ಕೆಲಸಕ್ಕೆ ಹೋಗುವ ಬಸ್ಸು, ಸಾಲ ಕೊಡುವ ಪರಿಚಯದ ಅಂಗಡಿ ಎಲ್ಲವೂ ಆ ಒಂದು ಅಂಕಿಯ ಮೇಲೆ ನಿಂತಿರುತ್ತವೆ.

ಕರಾರು ಹನ್ನೊಂದು ತಿಂಗಳಿಗೇ ಏಕೆ? ಒಂದು ಕಾರಣ ಎಲ್ಲರಿಗೂ ಗೊತ್ತಿರುವಂಥದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳೆಂದು ಬರೆದರೆ ಆ ಖರ್ಚೂ ಇಲ್ಲ, ಕಚೇರಿಯ ಅಲೆದಾಟವೂ ಇಲ್ಲ. ಎರಡನೆಯ ಕಾರಣ ಮಾಲೀಕರ ಮನಸ್ಸಿನಲ್ಲಿರುವ ಭಯ. ಬಾಡಿಗೆಗೆ ಬಂದವರು ಬಿಟ್ಟು ಹೋಗದೆ ಉಳಿದುಬಿಟ್ಟರೆ ಎಂಬ ಈ ಭಯಕ್ಕೆ ಒಂದು ಶತಮಾನದ ಇತಿಹಾಸವಿದೆ.

ಯುದ್ಧ ತಂದ ಕಾಯಿದೆ

ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹಡಗು ಮತ್ತು ಮದ್ದುಗುಂಡು ಕಾರ್ಖಾನೆಗಳಿಗೆ ಕೆಲಸಗಾರರು ಬಂದು ತುಂಬಿಕೊಂಡರು. ಮನೆಗಳು ಸಾಲದಾದವು, ಮಾಲೀಕರು ಬಾಡಿಗೆ ಏರಿಸಿದರು. 1915ರಲ್ಲಿ ಮೇರಿ ಬಾರ್ಬರ್ ಮೊದಲಾದ ಗೃಹಿಣಿಯರ ಮುಂದಾಳತ್ವದಲ್ಲಿ ಸಾವಿರಾರು ಕುಟುಂಬಗಳು ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ಮುಷ್ಕರ ಹೂಡಿದವು. ಅದೇ ವರ್ಷದ ಕೊನೆಗೆ ಬ್ರಿಟಿಷ್ ಸರ್ಕಾರ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕುವ ಕಾಯಿದೆ ತಂದಿತು.

ಭಾರತದಲ್ಲಿ ಇದೇ ಹಾದಿಯನ್ನು ಮೊದಲು ಹಿಡಿದದ್ದು ಗಿರಣಿಗಳ ಊರಾದ ಬೊಂಬಾಯಿ. ಅಲ್ಲಿ 1918ರಲ್ಲಿ ಬಾಡಿಗೆ ನಿಯಂತ್ರಣ ಬಂತು. ಎರಡನೆಯ ಮಹಾಯುದ್ಧ ಶುರುವಾದಾಗ ಮತ್ತೆ ಬಂತು. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ರೂಪುಗೊಂಡ ಬೊಂಬಾಯಿ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಂದು ಇದ್ದ ದರಕ್ಕೇ ನಿಲ್ಲಿಸಿತು. ತಾತ್ಕಾಲಿಕವೆಂದು ಬಂದ ಈ ಕಾಯಿದೆಯ ಅವಧಿಯನ್ನು ಸರ್ಕಾರಗಳು ಮತ್ತೆ ಮತ್ತೆ ವಿಸ್ತರಿಸುತ್ತ ಹೋದವು.

ಏರದ ಬಾಡಿಗೆ, ಬೀಳುವ ಗೋಡೆ

ತಿಂಗಳಿಗೆ 20 ರೂಪಾಯಿ ಬಾಡಿಗೆಯ ಒಂದು ಕೋಣೆ ಎಂದುಕೊಳ್ಳಿ. ತೆರಿಗೆಯಂಥ ಕೆಲವು ಬಾಬತ್ತುಗಳನ್ನು ಬಿಟ್ಟರೆ ಅರ್ಧ ಶತಮಾನದ ನಂತರವೂ ಅದರ ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಆ ಹೊತ್ತಿಗೆ ಸಿಮೆಂಟು, ಮರ, ಗಾರೆಯವನ ಕೂಲಿ ಎಲ್ಲವೂ ಎಷ್ಟೋ ಪಟ್ಟು ಏರಿದ್ದವು. ಮಾಲೀಕರು ದುರಸ್ತಿಯನ್ನು ಕೈಬಿಟ್ಟರು. ಮಳೆಗಾಲದಲ್ಲಿ ಹಳೆಯ ಚಾಳುಗಳು ಕುಸಿಯತೊಡಗಿದವು. 1969ರ ಕಾಯಿದೆಯ ಮೂಲಕ ಸರ್ಕಾರವೇ ಒಂದು ದುರಸ್ತಿ ಮಂಡಳಿಯನ್ನು ಸ್ಥಾಪಿಸಿ, ದ್ವೀಪ ನಗರದ 19 ಸಾವಿರಕ್ಕೂ ಹೆಚ್ಚು ಹಳೆಯ ಕಟ್ಟಡಗಳ ಮೇಲೆ ಅದಕ್ಕಾಗಿ ಕರ ವಿಧಿಸಬೇಕಾಯಿತು.

ಕಾಯಿದೆ ಮುಚ್ಚಿದ ಬಾಗಿಲಿನ ಪಕ್ಕದಲ್ಲೇ ಕಿಂಡಿಯೊಂದು ತೆರೆದುಕೊಂಡಿತು. ಅದೇ ‘ಪಗಡಿ’. ಕಡಿಮೆ ಬಾಡಿಗೆಯ ಮನೆ ಅಥವಾ ಮಳಿಗೆಯನ್ನು ಹಿಡಿಯಲು ಮೊದಲೇ ದೊಡ್ಡ ಮೊತ್ತ ಕೊಡಬೇಕು. ಆ ಬಾಡಿಗೆದಾರ ಮುಂದೆ ಬೇರೆಯವರಿಗೆ ಬಿಟ್ಟುಕೊಡುವಾಗ ಮಾಲೀಕನಿಗೂ ಒಂದು ಪಾಲು ಸಲ್ಲಬೇಕು. ನಮ್ಮ ಕರಾವಳಿಯಿಂದ ಮುಂಬೈಗೆ ಹೋಗಿ ಹೋಟೆಲು ನಡೆಸಿದವರಿಗೆ ಈ ಪದ ಹೊಸದಲ್ಲ.

1973ರಲ್ಲಿ ಇನ್ನೊಂದು ತಿರುವು ಬಂತು. ಬಾಡಿಗೆದಾರ ಎಂಬ ಹೆಸರನ್ನು ತಪ್ಪಿಸಲು ಮಾಲೀಕರು ‘ಲೀವ್ ಅಂಡ್ ಲೈಸೆನ್ಸ್’ ಎಂಬ ಪರವಾನಗಿ ಪತ್ರದ ಮೇಲೆ ಮನೆ ಕೊಡುತ್ತಿದ್ದರು. ಆ ವರ್ಷದ ಫೆಬ್ರುವರಿ 1ರಂದು ಹಾಗೆ ವಾಸವಿದ್ದವರೆಲ್ಲರೂ ಬಾಡಿಗೆದಾರರೇ ಎಂದು ತಿದ್ದುಪಡಿಯಾಯಿತು. ಒಳಗಿದ್ದವರಿಗೆ ರಕ್ಷಣೆ ಸಿಕ್ಕಿತು. ಆದರೆ ಮನೆ ಕೊಟ್ಟರೆ ಕೈತಪ್ಪಬಹುದೆಂಬ ಅಂಜಿಕೆ ಮಾಲೀಕರಲ್ಲಿ ಗಟ್ಟಿಯಾಗಿ ಕೂತಿತು. ಹೊಸದಾಗಿ ಮನೆ ಹುಡುಕುತ್ತಿದ್ದವರು ಅದರ ಬೆಲೆ ತೆತ್ತರು.

ನಡುವಿನ ದಾರಿ

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಾಡಿಗೆಯನ್ನು ಹೀಗೆ ಹಳೆಯ ದರಕ್ಕೇ ಕಟ್ಟಿಹಾಕಿರುವುದು ಕಾಲಕ್ರಮದಲ್ಲಿ ನ್ಯಾಯಸಮ್ಮತವಲ್ಲದ್ದಾಗಿದೆ ಎಂದು ಹೇಳಿತು. ಮಹಾರಾಷ್ಟ್ರದ ಹೊಸ ಬಾಡಿಗೆ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಕಾಯಿದೆಯ ರಕ್ಷಣೆಯಲ್ಲಿರುವ ಬಾಡಿಗೆದಾರರಿಗೆ ವರ್ಷಕ್ಕೆ ಶೇಕಡ 4ರಷ್ಟು ಏರಿಸಬಹುದೆಂದು ಅದು ಗೆರೆ ಎಳೆಯಿತು. ಪರವಾನಗಿ ಪತ್ರಗಳನ್ನು ಅವಧಿ ಎಷ್ಟೇ ಇರಲಿ ನೋಂದಾಯಿಸಬೇಕೆಂದಿತು. ಅವುಗಳ ಬಾಡಿಗೆ ಮಾತ್ರ ಇಬ್ಬರ ಒಪ್ಪಂದಕ್ಕೆ ಬಿಟ್ಟದ್ದು.

ನ್ಯೂಯಾರ್ಕ್ ನಗರ 1969ರಲ್ಲೇ ಇನ್ನೊಂದು ವ್ಯವಸ್ಥೆ ಮಾಡಿಕೊಂಡಿತ್ತು. ಅಲ್ಲಿನ ಸುಮಾರು 10 ಲಕ್ಷ ಅಪಾರ್ಟ್‌ಮೆಂಟುಗಳಲ್ಲಿ ನವೀಕರಣದ ಏರಿಕೆ ಎಷ್ಟೆಂದು ಪ್ರತಿವರ್ಷ 9 ಸದಸ್ಯರ ಮಂಡಳಿಯೊಂದು ಗೊತ್ತುಮಾಡುತ್ತದೆ. ಅದರಲ್ಲಿ ಇಬ್ಬರು ಬಾಡಿಗೆದಾರರ ಪರ, ಇಬ್ಬರು ಮಾಲೀಕರ ಪರ, ಐವರು ಸಾರ್ವಜನಿಕರ ಪರ. ಬಹುಮಟ್ಟಿಗೆ ಇವು 1974ಕ್ಕೆ ಮುಂಚೆ ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳು. 2015ರಲ್ಲಿ ಮಂಡಳಿ ಒಂದು ವರ್ಷದ ಕರಾರಿಗೆ ಏರಿಕೆಯೇ ಬೇಡವೆಂದು ತೀರ್ಮಾನಿಸಿತ್ತು. ಅಂಕಿ ಎಷ್ಟೇ ಆಗಲಿ, ಅದು ಮುಂಚಿತವಾಗಿ, ಎಲ್ಲರೆದುರು ಗೊತ್ತಾಗುತ್ತದೆ ಎಂಬುದು ದೊಡ್ಡ ಮಾತು.

ನಮ್ಮಲ್ಲಿ

ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಜಾಗಕ್ಕೆ 1999ರ ಬಾಡಿಗೆ ಕಾಯಿದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ದರಕ್ಕೆ ಬೆಂಗಳೂರಿನಲ್ಲಿ ಈಗ ಎಂಥ ಮನೆ ಸಿಕ್ಕೀತೆಂದು ಓದುಗರೇ ಊಹಿಸಬಹುದು. ಉಳಿದವರಿಗೆ 1882ರ ಸ್ವತ್ತು ಹಸ್ತಾಂತರ ಕಾಯಿದೆ ಮತ್ತು ಕೈಯಲ್ಲಿರುವ ಕರಾರು ಪತ್ರವೇ ಗತಿ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಏರಿಕೆಯ ಪ್ರಶ್ನೆಯನ್ನು ಮಾತ್ರ ಅದೂ ಕರಾರಿಗೇ ಒಪ್ಪಿಸಿದೆ.

ಲೆಕ್ಕ ಹಾಕಿ ನೋಡಿ. 10,000 ರೂಪಾಯಿ ಬಾಡಿಗೆ ಪ್ರತಿವರ್ಷ ಶೇಕಡ 4ರಂತೆ ಏರಿದರೆ ಹತ್ತು ವರ್ಷದ ನಂತರ ಸುಮಾರು 14,800 ಆಗುತ್ತದೆ. ಶೇಕಡ 10ರಂತೆ ಏರಿದರೆ 25,900 ದಾಟುತ್ತದೆ. ಸಂಬಳವೂ ಅದೇ ವೇಗದಲ್ಲಿ ಏರದಿದ್ದರೆ ಆ ಸಂಸಾರ ಊರಾಚೆಯ ಬಡಾವಣೆಗೆ ಸರಿಯಲೇಬೇಕು.

ಆದ್ದರಿಂದ ಮನೆ ನೋಡಲು ಹೋದಾಗ ಮೊದಲ ತಿಂಗಳ ಬಾಡಿಗೆಯನ್ನಷ್ಟೇ ಕೇಳಿ ಬರುವುದು ಸಾಲದು. ಅದೇ ಕಟ್ಟಡದಲ್ಲಿ ಹಳಬರು ಎಷ್ಟು ವರ್ಷದಿಂದ ಇದ್ದಾರೆ, ಕಳೆದ ಸಲ ಅವರಿಗೆ ಎಷ್ಟು ಏರಿಸಿದರು ಎಂದು ವಿಚಾರಿಸಬೇಕು. ಹಳಬರೇ ಇಲ್ಲದ ಕಟ್ಟಡವೂ ಒಂದು ಸೂಚನೆಯೇ. ಸಾಧ್ಯವಾದರೆ ಮೂರು ವರ್ಷದ ಕರಾರನ್ನು ನೋಂದಾಯಿಸಿ, ವರ್ಷದ ಏರಿಕೆಯನ್ನು ಅದರಲ್ಲೇ ಬರೆಸುವುದು ಮೇಲು. ಖರ್ಚು ತುಸು ಹೆಚ್ಚಾದರೂ ನಡುವೆ ಎರಡು ಸಲದ ಚೌಕಾಶಿ ತಪ್ಪುತ್ತದೆ.

ಮಾಲೀಕರಿಗೂ ಇದರಲ್ಲಿ ನಷ್ಟವಿಲ್ಲ. ನಿವೃತ್ತಿಯ ಹಣ ಸುರಿದು ಮೇಲಂತಸ್ತು ಕಟ್ಟಿಸಿ, ಅದರ ಬಾಡಿಗೆಯಲ್ಲೇ ಬದುಕುವವರು ನಮ್ಮಲ್ಲಿ ಬಹಳ ಮಂದಿ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಹೆಚ್ಚಿಸಿದ ಬಾಡಿಗೆಯ ಲಾಭ ಅಲ್ಲೇ ಕರಗುತ್ತದೆ. ಬಾಡಿಗೆಯನ್ನು ಪೂರ್ತಿ ನಿಲ್ಲಿಸಿದ ಊರಿನಲ್ಲಿ ಗೋಡೆ ಬಿತ್ತು. ಲಗಾಮಿಲ್ಲದೆ ಬಿಟ್ಟ ಊರಿನಲ್ಲಿ ಬಾಡಿಗೆದಾರ ನೆಲೆ ಕಳೆದುಕೊಳ್ಳುತ್ತಾನೆ. ಇಬ್ಬರಿಗೂ ಮೊದಲೇ ಗೊತ್ತಿರುವ ಸಣ್ಣ ಏರಿಕೆಯಲ್ಲಿ ಮನೆಯೂ ಉಳಿಯುತ್ತದೆ, ಮನೆಯಲ್ಲಿರುವವರೂ ಉಳಿಯುತ್ತಾರೆ.