ಔಷಧ ವಿದ್ಯಾರ್ಥಿಗಳಿಗೆ ಅಣಕು ವಿಚಾರಣೆ: ಕಟಕಟೆಯಲ್ಲಿ ಕಾನೂನು ಪಾಠ

ತರಗತಿಯನ್ನೇ ನ್ಯಾಯಾಲಯವನ್ನಾಗಿ ಮಾರ್ಪಡಿಸಿ, ವಿದ್ಯಾರ್ಥಿಗಳಿಂದಲೇ ಮೊಕದ್ದಮೆ ನಡೆಸಿಸಿ ಕಾನೂನು ಕಲಿಸುವ ವಿಧಾನವೇ ಅಣಕು ವಿಚಾರಣೆ. ಕಾನೂನು ಕಾಲೇಜುಗಳ ಮೂಟ್ ಕೋರ್ಟ್‌ಗಿಂತ ಇದು ಭಿನ್ನ. ಮೂಟ್ ಕೋರ್ಟ್‌ನಲ್ಲಿ ಸಂಗತಿಗಳು ಮೊದಲೇ ನಿಶ್ಚಿತವಾಗಿರುತ್ತವೆ. ಮೇಲ್ಮನವಿಯ ಮಾದರಿಯಲ್ಲಿ ಕಾನೂನಿನ ಅರ್ಥದ ಬಗ್ಗೆ ಮಾತ್ರ ವಾದ ನಡೆಯುತ್ತದೆ. ಅಣಕು ವಿಚಾರಣೆಯಲ್ಲಿ ಸಾಕ್ಷಿಗಳು ಕಟಕಟೆ ಏರುತ್ತಾರೆ, ದಾಖಲೆಗಳು ಹಾಜರಾಗುತ್ತವೆ, ಪಾಟಿ ಸವಾಲು ನಡೆಯುತ್ತದೆ. ಔಷಧ ವಿದ್ಯಾರ್ಥಿಗೆ ಒಗ್ಗುವುದು ಈ ಎರಡನೆಯದೇ. ಮುಂದೊಂದು ದಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದರೆ ಆತ ನಿಲ್ಲುವುದು ವಕೀಲನಾಗಿ ಅಲ್ಲ, ಸಾಕ್ಷಿಯಾಗಿ ಅಥವಾ ಆರೋಪಿಯಾಗಿ.

ಭಾರತೀಯ ಫಾರ್ಮಸಿ ಪರಿಷತ್ತಿನ 2014ರ ಬಿ.ಫಾರ್ಮ್ ನಿಯಮಾವಳಿಯು ಔಷಧ ನ್ಯಾಯಶಾಸ್ತ್ರವನ್ನು ಐದನೇ ಸೆಮಿಸ್ಟರ್‌ನಲ್ಲಿ ಇರಿಸಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 1948ರ ಫಾರ್ಮಸಿ ಕಾಯ್ದೆ, 1985ರ ಮಾದಕ ದ್ರವ್ಯ ಕಾಯ್ದೆ ಇತ್ಯಾದಿಗಳ ಕಲಮು, ಅನುಸೂಚಿಗಳನ್ನು ಕಂಠಪಾಠ ಮಾಡಿ ಪರೀಕ್ಷೆ ಗೆಲ್ಲಬಹುದು. ಆದರೆ ಆ ಕಲಮುಗಳು ಔಷಧ ಅಂಗಡಿಯ ಕೌಂಟರಿನ ಮೇಲೆ ಹೇಗೆ ಜೀವ ತಳೆಯುತ್ತವೆ ಎಂಬುದು ಕಂಠಪಾಠಕ್ಕೆ ದಕ್ಕುವುದಿಲ್ಲ.

ತಪ್ಪಾಗಿ ಓದಿದ ಚೀಟಿ

ಇಂಥ ವಿಚಾರಣೆಗೆ ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಇತ್ಯರ್ಥವಾದ ಒಂದು ಪ್ರಕರಣ ಉತ್ತಮ ವಸ್ತು. ವೈದ್ಯರು ಬರೆದದ್ದು ಅಮಾಕ್ಸಿಲ್ ಎಂಬ ಪ್ರತಿಜೈವಿಕ. ಫಾರ್ಮಸಿಸ್ಟ್ ಓದಿದ್ದು ಡಯೋನಿಲ್ ಎಂಬ ಮಧುಮೇಹದ ಮಾತ್ರೆ. ಮಧುಮೇಹವಿಲ್ಲದ ರೋಗಿಯ ರಕ್ತದ ಸಕ್ಕರೆ ಕುಸಿದು ಮಿದುಳಿಗೆ ಶಾಶ್ವತ ಹಾನಿಯಾಯಿತು. ಅಸ್ಪಷ್ಟ ಬರವಣಿಗೆಗಾಗಿ ವೈದ್ಯರ ಮೇಲೆ ಶೇ. 25, ಫಾರ್ಮಸಿಸ್ಟ್ ಕಡೆಯ ಮೇಲೆ ಶೇ. 75ರಷ್ಟು ಹೊಣೆಯನ್ನು ನ್ಯಾಯಾಲಯ ಹೊರಿಸಿತು. ಚೀಟಿಯಲ್ಲಿದ್ದ ಪ್ರಮಾಣ ಡಯೋನಿಲ್‌ಗೆ ಹೊಂದುತ್ತಿರಲಿಲ್ಲ. ಅಲ್ಲಿ ಮಧುಮೇಹಿಗಳಿಗೆ ಔಷಧ ಉಚಿತ; ಈ ರೋಗಿ ಶುಲ್ಕ ತೆತ್ತಿದ್ದರು. ಎರಡೂ ಎಚ್ಚರಿಕೆಯ ಗಂಟೆಗಳೇ ಆಗಿದ್ದವು.

ಫಾರ್ಮಸಿಸ್ಟ್‌ನ ಪಾತ್ರ ವಹಿಸಿದ ವಿದ್ಯಾರ್ಥಿಗೆ ಎದುರಾಗುವ ಪ್ರಶ್ನೆ ಒಂದೇ: "ವೈದ್ಯರಿಗೆ ಏಕೆ ದೂರವಾಣಿ ಕರೆ ಮಾಡಲಿಲ್ಲ?" ಇದಕ್ಕೆ ಯಾವ ಕಲಮಿನಲ್ಲಿಯೂ ಸಿದ್ಧ ಉತ್ತರವಿಲ್ಲ.

28 ದಿನಗಳ ಲೆಕ್ಕ

ಈ ಪ್ರಕರಣ ವೃತ್ತಿಪರ ನಿರ್ಲಕ್ಷ್ಯದ ಪಾಠವಾದರೆ, ಭಾರತೀಯ ಶಾಸನದ ಪಾಠಕ್ಕೆ ಕಲ್ಪಿತ ಮೊಕದ್ದಮೆಯೊಂದನ್ನು ಹೆಣೆಯಬಹುದು. ಔಷಧ ಪರಿವೀಕ್ಷಕರು ಅಂಗಡಿಯೊಂದರಿಂದ ಇನ್ಸುಲಿನ್ ಮಾದರಿ ಪಡೆಯುತ್ತಾರೆ. ಗುಣಮಟ್ಟ ಸರಿಯಿಲ್ಲವೆಂದು ಸರ್ಕಾರಿ ವಿಶ್ಲೇಷಕರ ವರದಿ ಬರುತ್ತದೆ. 1940ರ ಕಾಯ್ದೆಯಂತೆ ಅಂಗಡಿಯಲ್ಲಿ ಪಡೆದ ಮಾದರಿಯನ್ನು ಸಾಮಾನ್ಯವಾಗಿ ನಾಲ್ಕು ಭಾಗ ಮಾಡಬೇಕು: ಅಂಗಡಿಯವರಿಗೊಂದು, ವಿಶ್ಲೇಷಕರಿಗೊಂದು, ನ್ಯಾಯಾಲಯಕ್ಕೊಂದು, ಅಂಗಡಿಯವರು ಹೆಸರಿಸಿದ ಪೂರೈಕೆದಾರ ಅಥವಾ ತಯಾರಕರಿಗೊಂದು. ವರದಿಯ ಪ್ರತಿ ತಲುಪಿದ 28 ದಿನಗಳೊಳಗೆ ಅದನ್ನು ಪ್ರಶ್ನಿಸುವುದಾಗಿ ಲಿಖಿತವಾಗಿ ತಿಳಿಸದಿದ್ದರೆ ವರದಿಯೇ ನಿರ್ಣಾಯಕ ಸಾಕ್ಷ್ಯವಾಗುತ್ತದೆ. ತಿಳಿಸಿದಲ್ಲಿ ನ್ಯಾಯಾಲಯದ ಬಳಿಯ ಮಾದರಿ ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಹೋಗಬಹುದು. ಅದರ ವರದಿ ಅಂತಿಮ.

ತಯಾರಕನಲ್ಲದ ಮಾರಾಟಗಾರನಿಗೆ ಕಾಯ್ದೆ ಒಂದು ರಕ್ಷಣೆಯನ್ನೂ ನೀಡಿದೆ. ಪರವಾನಗಿ ಉಳ್ಳವರಿಂದಲೇ ಖರೀದಿಸಿದ್ದು, ದೋಷ ತನಗೆ ತಿಳಿದಿರಲಿಲ್ಲ ಮತ್ತು ಸೂಕ್ತ ಎಚ್ಚರ ವಹಿಸಿದ್ದರೂ ತಿಳಿಯುತ್ತಿರಲಿಲ್ಲ, ಸರಿಯಾಗಿ ದಾಸ್ತಾನು ಮಾಡಿದ್ದು ಎಂಬ ಮೂರನ್ನೂ ಆತ ಸಾಬೀತುಪಡಿಸಬೇಕು. ಇನ್ಸುಲಿನ್ ದಾಸ್ತಾನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರತಕ್ಕದ್ದು. ರಾತ್ರಿ ವಿದ್ಯುತ್ ಹೋದಾಗ ಶೀತಕದ ಉಷ್ಣಾಂಶ ಎಷ್ಟಿತ್ತು? ಬರೆದಿಟ್ಟವರು ಯಾರು? ದಿನಚರಿ ಪುಸ್ತಕದ ಒಂದು ಖಾಲಿ ಸಾಲು ಇಡೀ ರಕ್ಷಣೆಯನ್ನು ಕೆಡವಬಲ್ಲದು.

ತೀರ್ಪಿನ ನಂತರ

ಪ್ರಕ್ರಿಯೆಯ ನಿಯಮಗಳೂ ನೈಜವಾಗಿರಬೇಕು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಮುಖ್ಯ ವಿಚಾರಣೆಯಲ್ಲಿ ಉತ್ತರ ಸೂಚಿಸುವ ಪ್ರಶ್ನೆಗೆ ಸಾಮಾನ್ಯವಾಗಿ ಅವಕಾಶವಿಲ್ಲ; ಪಾಟಿ ಸವಾಲಿನಲ್ಲಿ ಇದೆ. ಈ ಒಂದು ಭೇದವನ್ನು ಅರಿತ ವಿದ್ಯಾರ್ಥಿ ಪಾಟಿ ಸವಾಲಿನಲ್ಲಿ ತಬ್ಬಿಬ್ಬಾಗುವುದು ಕಡಿಮೆ.

ವಿಧಾನಕ್ಕೆ ಮಿತಿಗಳೂ ಇವೆ. ಪಾತ್ರಗಳು ಕೆಲವು, ವಿದ್ಯಾರ್ಥಿಗಳು ಹಲವರು. ಪಾತ್ರ ಸಿಗದವರೆಲ್ಲರೂ ಕಾರಣಸಹಿತ ತೀರ್ಪು ಬರೆಯುವಂತೆ ಮಾಡುವುದು ಇದಕ್ಕೆ ಪರಿಹಾರ. ಅಂಕಗಳು ವಾಕ್ಚಾತುರ್ಯಕ್ಕಲ್ಲ, ದಾಖಲೆ ಮತ್ತು ಕಾನೂನಿನ ಬಳಕೆಗೆ ಸಲ್ಲಬೇಕು. ಕೊನೆಯಲ್ಲಿ ಅಧ್ಯಾಪಕರು ಚರ್ಚೆ ನಡೆಸದಿದ್ದರೆ ವಿಚಾರಣೆ ಬರಿಯ ನಾಟಕವಾಗಿ ಉಳಿಯುವ ಅಪಾಯವುಂಟು. ಯಾವ ದಾಖಲೆ ಇದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತು, ಯಾವ ಘಳಿಗೆಯಲ್ಲಿ ರೋಗಿಯನ್ನು ಉಳಿಸಬಹುದಿತ್ತು ಎಂಬುದೇ ಆ ಚರ್ಚೆಯ ತಿರುಳಾಗಬೇಕು.